ಬಾವಿಯ ಬಳಿಯ ಕಮಾನು

"ಗುರುಗಳೇ, ಮುಖವನ್ನೇ ಕಾಣದವರಿಂದ ಉಪಕಾರ ಪಡೆದವನು ತನ್ನ ಕೃತಜ್ಞತೆಯನ್ನು ಹೇಗೆ ಮುಟ್ಟಿಸಬೇಕು?"

ಕೇಳಿದವನು ಶಾಂತಮಲ್ಲ. ಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದವನು. ಆ ಅಕ್ಕಿ ಯಾರು ಕೊಟ್ಟದ್ದೆಂದು ಅವನಿಗೆ ತಿಳಿಯದು. ಈಗ ಕೈಯಲ್ಲಿ ದುಡಿಮೆ ಇತ್ತು. ದಾನಿಗಳ ನೆನಪಿಗೆ ಮಠದ ಮುಂದೆ ಏನಾದರೂ ಕಟ್ಟಿಸಬೇಕೆಂಬ ಆಸೆ ಬಹಳ ಕಾಲದಿಂದ ಮನಸ್ಸನ್ನು ಕೊರೆಯುತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರು. ಅದಕ್ಕೆ ಎರಡು ಬೀದಿ. ಒಂದು ತಗ್ಗಿನಲ್ಲಿ, ಇನ್ನೊಂದು ದಿಬ್ಬದ ಮೇಲೆ. ಪಂಚಾಯಿತಿಯ ಬಾವಿಗೆ ಹಳೆಯ ಪಂಪು. ಅದು ಕರೆಂಟು ಕುಡಿಯುವುದರಲ್ಲಿ ಮುಂದು, ನೀರು ಕೊಡುವುದರಲ್ಲಿ ಹಿಂದು. ಕರೆಂಟಿಗಾದರೂ ಹೊತ್ತುಗೊತ್ತು ಇರಲಿಲ್ಲ. ಬಂದಷ್ಟು ನೀರನ್ನು ತಗ್ಗಿನ ಬೀದಿ ಹಿಡಿದುಕೊಳ್ಳುತ್ತಿತ್ತು. ದಿಬ್ಬದ ಹೆಂಗಸರು ಕೊಡ ಹೊತ್ತೇ ಏರುತ್ತಿದ್ದರು.

ಪಂಚಾಯಿತಿಯ ಅಧ್ಯಕ್ಷೆ ದಿಬ್ಬದ ಬೀದಿಯವಳು. ಅಧ್ಯಕ್ಷೆಯಾದ ಮೇಲೂ ಅವಳ ಸೊಂಟದಿಂದ ಕೊಡ ಇಳಿದಿರಲಿಲ್ಲ. ಅವಳು ತಾಲ್ಲೂಕಿಗೆ ಅಲೆದಳು, ಜಿಲ್ಲೆಗೆ ಅಲೆದಳು. ಕೊನೆಗೆ ದೆಹಲಿಯ ಸರ್ಕಾರದಿಂದ ಊರಿಗೆ ಅನುದಾನ ಬಂತು. ಹಳೆಯ ಪಂಪು ಹೋಗಿ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ನೀರೆತ್ತುವ ಪಂಪು ಕೂತಿತು. ಬಾವಿಯ ಪಕ್ಕ ಬಯಲಿನಲ್ಲಿ ಸೌರಫಲಕಗಳು ನಿಂತವು. ಬಿಸಿಲೇರಿದಂತೆ ನೀರೂ ಏರಿತು. ದಿಬ್ಬದ ತುದಿಮನೆಯ ನಲ್ಲಿಯಲ್ಲಿ ಮೊದಲ ಸಲ ನೀರು ಬಂತು.

ತುದಿಮನೆಯ ಮುದುಕಿ ನಲ್ಲಿಗೆ ಕುಂಕುಮ ಇಟ್ಟು ಅಧ್ಯಕ್ಷೆಯನ್ನು ಕೇಳಿದಳು.

"ಇದನ್ನ ಕೊಟ್ಟೋರು ಯಾರು ಮಗಾ?"

"ದೆಹಲಿಯವರು ಅಜ್ಜಿ."

"ಅವರಿಗೆ ನಮ್ಮೂರು ಗೊತ್ತೇನು?"

"ಗೊತ್ತಿರಲಿಕ್ಕಿಲ್ಲ."

"ಗುರುತಿಲ್ಲದೆಯೇ ಇಷ್ಟು ಕೊಟ್ಟರಲ್ಲ. ಅವರ ಹೊಟ್ಟೆ ತಣ್ಣಗಿರಲಿ."

ಆ ಮಾತು ಅಧ್ಯಕ್ಷೆಯ ಮನಸ್ಸಿನಲ್ಲಿ ನಿಂತಿತು. ಕೊಟ್ಟವರಿಗೆ ಕಮಾನು ಕಟ್ಟಿಸುವುದು ಆ ಊರಿನ ರೂಢಿ. ಶಾಲೆಗೆ ಜಾಗ ಕೊಟ್ಟವರಿಗೊಂದು ಕಮಾನಿತ್ತು, ಸ್ಮಶಾನಕ್ಕೆ ಜಾಗ ಕೊಟ್ಟವರಿಗೂ ಒಂದಿತ್ತು. ವೈಶಾಖದಲ್ಲಿ ಊರವರೆಲ್ಲ ಸೇರಿ ಬಾವಿಯ ದಾರಿಗೆ, ಫಲಕಗಳ ತೆಂಕಣ ಮಗ್ಗುಲಿಗೆ, ಎತ್ತರದ ಕಮಾನು ಎಬ್ಬಿಸಿದರು. ನೆತ್ತಿಯ ಕಲ್ಲಿನಲ್ಲಿ ಸರ್ಕಾರದ ಹೆಸರು ಕೆತ್ತಿಸಿದರು. ಅದರ ಕೆಳಗೆ, ಬೇಡವೆಂದರೂ ಬಿಡದೆ, ಅಧ್ಯಕ್ಷೆಯ ಹೆಸರನ್ನೂ ಕೆತ್ತಿಸಿದರು. ಅವಳು ಬಾವಿಗೆ ಹೋಗುವಾಗ ಒಮ್ಮೆ ತಲೆಯೆತ್ತಿ ನೋಡುವಳು. ಮನಸ್ಸು ತುಂಬಿಬರುವುದು.

ಮಾರ್ಗಶಿರ ಬಂತು. ನೀರು ಇಳಿಯಿತು. ಟ್ಯಾಂಕು ತುಂಬುವ ಮೊದಲೇ ಸಂಜೆಯಾಗುತ್ತಿತ್ತು. ದಿಬ್ಬದ ನಲ್ಲಿಗಳಲ್ಲಿ ಗಾಳಿಯಷ್ಟೇ ಬಂತು. ಹೆಂಗಸರು ಮತ್ತೆ ಸಿಂಬಿ ಸುತ್ತಿದರು.

"ಪುಕ್ಕಟೆ ಬಂದದ್ದಲ್ವಾ, ಬಾಳಿಕೆಯೂ ಅಷ್ಟೇ" ಎಂದರು ಕಟ್ಟೆಯ ಮೇಲೆ ಕೂತವರು. ಕಮಾನು ಕಟ್ಟಲು ಕಲ್ಲು ಹೊತ್ತವರೇ ಹಾಗೆಂದರು. ತುದಿಮನೆಯ ಮುದುಕಿ ಕೊಡ ಹಿಡಿದು ದಿಬ್ಬ ಇಳಿಯತೊಡಗಿದಳು. ಅಧ್ಯಕ್ಷೆ ಅದನ್ನು ನೋಡಿದಳು.

ಅವಳು ಬಾವಿಯ ಬಳಿಗೆ ಹೋಗಿ ಕೂತಳು. ಫಲಕಗಳನ್ನು ಒರೆಸಿದಳು. ಪಂಪಿನ ಸದ್ದಿಗೆ ಕಿವಿಗೊಟ್ಟಳು. ಹೊತ್ತು ಏರುತ್ತಿತ್ತು. ಚಳಿಗಾಲದ ಸೂರ್ಯ ತೆಂಕಣಕ್ಕೆ ವಾಲಿ ನಡೆಯುತ್ತಿದ್ದ. ಕಮಾನಿನ ನೆರಳು ಉದ್ದವಾಗಿ ಬಿದ್ದು ಫಲಕಗಳನ್ನು ಒಂದೊಂದಾಗಿ ದಾಟುತ್ತಿತ್ತು. ನೆರಳು ಬಿದ್ದಂತೆ ಪಂಪಿನ ಸದ್ದು ಸಣ್ಣಗಾಗುತ್ತಿತ್ತು. ಅವಳು ತಲೆಯೆತ್ತಿ ನೋಡಿದಳು. ಸೂರ್ಯನಿಗೆ ಅಡ್ಡವಾಗಿ ನಿಂತದ್ದು ಸರ್ಕಾರದ ಹೆಸರು. ಅದರ ಕೆಳಗೆ ಅವಳದು.

ಮರುದಿನ ಅವಳು ಗಾರೆಯವನನ್ನು ಕರೆಸಿದಳು. ಊರು ನೆರೆಯಿತು.

"ಉಪಕಾರ ಮಾಡಿದವರ ಹೆಸರು ಕೆಡವುತ್ತೀಯಲ್ಲಮ್ಮ, ಕೃತಘ್ನರು ಅನ್ನಿಸಿಕೊಳ್ಳೋಣವೇ?" ಎಂದ ಒಬ್ಬ ಹಿರಿಯ.

"ಅವರು ಹೆಸರು ಬರೆಸಿ ಅಂತ ಕೊಡಲಿಲ್ಲ ಮಾವ, ನೀರು ಕುಡೀರಿ ಅಂತ ಕೊಟ್ಟರು" ಎಂದಳು ಅಧ್ಯಕ್ಷೆ, ಫಲಕಗಳ ಮೇಲೆ ಬಿದ್ದ ಕಮಾನಿನ ನೆರಳನ್ನು ತೋರಿಸಿ. "ಸುತ್ತಿಗೆ ಇಲ್ಲಿ ಕೊಡಿ. ನನ್ನ ಹೆಸರಿನಿಂದಲೇ ಶುರುವಾಗಲಿ."

ಯಾರೂ ಅಡ್ಡ ಬರಲಿಲ್ಲ. ಎತ್ತಿ ಕಟ್ಟಿದ ಕೈಗಳೇ ಇಳಿಸಿ ಕೊಟ್ಟವು. ಸರ್ಕಾರದ ಹೆಸರಿದ್ದ ಕಲ್ಲನ್ನು ಮಾತ್ರ ಒಡೆಯದೆ ದಿಬ್ಬಕ್ಕೆ ಸಾಗಿಸಿ ತುದಿಮನೆಯ ನಲ್ಲಿಯ ಕೆಳಗೆ ಹಾಸಿದರು, ಕೊಡ ಇಡುವುದಕ್ಕೆ. ದಿನವೂ ಕೊಡ ಉಜ್ಜಿ ಉಜ್ಜಿ ಅಕ್ಷರ ಸವೆಯಿತು. ನೀರು ನಿಲ್ಲಲಿಲ್ಲ. ಮುದುಕಿ ಮಾತ್ರ ಪ್ರತಿದಿನ ಕೊಡ ಎತ್ತುವ ಮೊದಲು, ಯಾವ ದಿಕ್ಕೆಂದು ತಿಳಿಯದೆ, ಸುಮ್ಮನೆ ಎದುರಿಗೆ ಕೈ ಮುಗಿಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಾಂತಮಲ್ಲ ಕೇಳಿದ. "ಹಾಗಾದರೆ ಆ ಊರಿನ ಕೃತಜ್ಞತೆ ಕೊಟ್ಟವರಿಗೆ ಮುಟ್ಟಿದ್ದು ಯಾವಾಗ ಗುರುಗಳೇ? ಕಮಾನು ಕಟ್ಟಿದಾಗಲೋ, ಕೆಡವಿದಾಗಲೋ?"

"ತುದಿಮನೆಯ ಕೊಡ ತುಂಬಿದಾಗ" ಎಂದರು ಗುರುಗಳು.

ಶಿಷ್ಯ ಎದ್ದು ಪ್ರಸಾದನಿಲಯದ ಅಡುಗೆಮನೆಯ ಕಡೆ ನಡೆದ.