ಗೈಬುಸಾಬರ ಕಣ್ಣುಪಟ್ಟಿ

ಬಹಳ ಹಿಂದೆ, ಕಂಪ್ಯೂಟರ್ ಪರದೆಗಳಿಗೆ ಇನ್ನೂ ಬೆನ್ನ ಹಿಂದೆ ಡುಬ್ಬವಿದ್ದ ಕಾಲದಲ್ಲಿ, ಬಯಲುಸೀಮೆಯ ಒಂದೂರಲ್ಲಿ ಗೈಬುಸಾಬ ಅಂತ ಒಬ್ಬರಿದ್ದರಂತೆ. ರೇಡಿಯೋ ರಿಪೇರಿ ಮಾಡುತ್ತಿದ್ದವರು ಕಂಪ್ಯೂಟರಿಗೂ ಕೈ ಹಾಕಿದರಂತೆ. ನೀವು ನಗಬೇಡಿ, ಗುಜರಿಗೆ ಹೊರಟ ಪೆಟ್ಟಿಗೆಗಳು ಅವರ ಕೈ ತಾಗಿದರೆ ಎದ್ದು ಕೂರುತ್ತಿದ್ದವು ಅಂತಾರೆ.

ಮಂತ್ರವೇನೂ ಇಲ್ಲ. ಕಂಪ್ಯೂಟರನ್ನು ನಡೆಸೋ ತಂತ್ರಾಂಶವಾದ ಲಿನಕ್ಸ್‌ನಲ್ಲಿ ನೂರೆಂಟು ಬಗೆ, ಕೆಲವು ಭಾರ, ಕೆಲವು ಹಗುರ. ಮುದಿ ಯಂತ್ರ ಎಷ್ಟು ಹೊರಬಲ್ಲದು ಅಂತ ನೋಡಿ ಆರಿಸಿ ಹಾಕುತ್ತಿದ್ದರು. ಅವರು ಹಾಕಿದ್ದಕ್ಕಿಂತ ಹಗುರವಾದದ್ದನ್ನು ಇನ್ನೊಬ್ಬರು ಹಾಕಿದ್ದಿಲ್ಲ ಅಂತಾರೆ. ಅದರ ಜಂಬವೂ ಒಂಚೂರು ಇತ್ತಂತೆ.

ಅದೇ ಊರಲ್ಲಿ ನೀಲಗಂಗವ್ವ ಅಂತ, ಹುಟ್ಟಿನಿಂದ ಕಣ್ಣಿಲ್ಲದ ಹೆಣ್ಣುಮಗಳು. ಕಚೇರಿ ಎದುರು ಕೂತು ಜನರಿಗೆ ಅರ್ಜಿ ಟೈಪು ಮಾಡಿಕೊಡೋಳು. ಅವಳು ಒತ್ತಿದ್ದನ್ನೆಲ್ಲ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳೋದು, ತಪ್ಪಿದ್ದರೆ ತಿದ್ದೋಳು. ಆ ಕಂಪ್ಯೂಟರು ಮುದಿಯಾಯಿತು, ಒಂದು ದಿನ ಏಳಲೇ ಇಲ್ಲ. ಹೊಸದು ಕೊಳ್ಳೋ ಶಕ್ತಿಯಿಲ್ಲ. ಅದು ಏಳದಿದ್ದರೆ ಅವಳು ಮತ್ತೆ ಅಣ್ಣನ ಮನೆಯ ಮೂಲೆ ಸೇರಬೇಕು.

ಗೈಬುಸಾಬರು ಎಲ್ಲಕ್ಕಿಂತ ಹಗುರವಾದ ಲಿನಕ್ಸ್ ಆರಿಸಿ ಹಾಕಿದರು. ಬೇಡದ್ದನ್ನೆಲ್ಲ ಕಿತ್ತರು. ಚಾ ಸೋಸುವಷ್ಟರಲ್ಲಿ ಪರದೆ ಬೆಳಗಿತಂತೆ! ಕೂಡಿದವರೆಲ್ಲ ಚಪ್ಪಾಳೆ ತಟ್ಟಿದರು. ನೀಲಗಂಗವ್ವ ಕೀಲಿ ಒತ್ತಿ ಕಿವಿಗೊಟ್ಟು ಕೂತಳು. ಮತ್ತೆ ಒತ್ತಿದಳು. ಆಮೇಲೆ ಮೆಲ್ಲಗೆ ಕೇಳಿದಳಂತೆ:

"ಕಾಕಾ, ಅದು ಎದ್ದೈತೇನ್ರಿ?"

ಬೇಡದ್ದರ ಜೊತೆ ಅದರ ದನಿಯನ್ನೂ ಕಿತ್ತುಬಿಟ್ಟಿದ್ದರು.

ಗೈಬುಸಾಬರು ಹೆಗಲ ಮೇಲಿನ ವಸ್ತ್ರ ತೆಗೆದು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡರಂತೆ. ಮೂರು ದಿನ ಅಂತಾರೆ, ಏಳು ಅನ್ನೋರೂ ಇದ್ದಾರೆ, ನಮ್ಮಜ್ಜಿ ಇಪ್ಪತ್ತೊಂದು ಅನ್ನೋಳು. ಪೆನ್‌ಡ್ರೈವಿನಿಂದ ಒಂದೊಂದೇ ಲಿನಕ್ಸ್ ನಡೆಸಿ, ಕಿವಿಯಿಂದಲೇ ಪರೀಕ್ಷೆ ಮಾಡಿದರಂತೆ. ಮಾತಾಡೋದನ್ನು ಹಾಕಿದರೆ ಭಾರ, ಯಂತ್ರ ಏದುಸಿರು ಬಿಡೋದು. ಹಗುರವಾದದ್ದೆಲ್ಲ ಮೂಕ. ಕೊನೆಗೆ ಚೂರು ಭಾರವಾದದ್ದನ್ನೇ ಆರಿಸಿ, ದನಿ ಉಳಿಸಿ, ಕಣ್ಣಿಗೆ ಬೇಕಾದ ಚಿತ್ರ, ಬಣ್ಣ, ಬೆಡಗು ಎಲ್ಲ ತೆಗೆದರು. ಪರದೆಯ ವಯರನ್ನೂ ಕಿತ್ತಿಟ್ಟರಂತೆ!

ನೀಲಗಂಗವ್ವ ತನ್ನ ಹೆಸರು ಒತ್ತಿದಳು. ಪೆಟ್ಟಿಗೆ ಅವಳ ಹೆಸರು ಹಿಡಿದು ಕರೆಯಿತು. ಗೈಬುಸಾಬರು ಬಿಚ್ಚಿದ ವಸ್ತ್ರ ಒದ್ದೆಯಾಗಿತ್ತು ಅಂತಾರೆ.

ಇವತ್ತಿಗೂ ಆ ಊರಲ್ಲಿ ಹಳೇ ಕಂಪ್ಯೂಟರ್ ತಂದವರನ್ನು ಮೊದಲು ಕೇಳುತ್ತಾರೆ, ಯಾವುದಿಲ್ಲದಿದ್ದರೆ ನಿಮಗೆ ನಡೆಯೋದೇ ಇಲ್ಲ ಅಂತ. ಲಿನಕ್ಸ್ ಹಾಕಿ ಗುಂಡಿ ಒತ್ತಿದ ಮೇಲೆ ಕಣ್ಣಿದ್ದವರೆಲ್ಲ ಕಣ್ಣು ಮುಚ್ಚಿ ಕೂರುತ್ತಾರೆ. ಅದು ಮಾತಾಡಿದ ಮೇಲೆಯೇ ತೆರೆಯೋದು.