ಓಗೊಡದ ಗುಡ್ಡ

"ತಟ್ಟಿರಾಯನನ್ನು ಹೆಗಲ ಮೇಲೆ ಹೊತ್ತು ಈ ಗುಡ್ಡ ಹತ್ತಿದವರಲ್ಲಿ ಈಗ ಉಸಿರಾಡುತ್ತಿರುವವನು ನಾನೊಬ್ಬನೇ ಕಣವ್ವ. ಮೂರು ಆಳೆತ್ತರದ ಗೊಂಬೆ! ಒಂದು ಸಲ ಅವನ ಮೀಸೆಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿತು. ಮರಿಗೆ ರೆಕ್ಕೆ ಬಲಿತು ಹಾರಿಹೋಗುವ ತನಕ ಅಲುಗಾಡದೆ ನಿಂತಿದ್ದೆ. ಸುಳ್ಳು ಅನ್ನಿಸಿದರೆ ನೋಡಿದವರನ್ನು ಕೇಳು" ಎಂದ ಗುಡ್ಡದ ಬುಡದಲ್ಲಿ ಕೂತಿದ್ದ ಮುದುಕ ದೊಡ್ಡೀರಯ್ಯ. ಕೇಳುವುದು ಯಾರನ್ನು? ನೋಡಿದವರೆಲ್ಲ ಮಣ್ಣು ಸೇರಿ ಎಷ್ಟೋ ವರ್ಷವಾಗಿತ್ತು. ಅದು ಗೊತ್ತಿದ್ದೇ ಅವನು ಅಷ್ಟು ಧೈರ್ಯವಾಗಿ ಮೀಸೆ ತಿರುವುತ್ತಿದ್ದ.

ಬಸ್ಸಿನಿಂದಿಳಿದ ಗುಂಪಿನಲ್ಲಿ ಮದ್ದೂರಿನ ಗಿರಿಜಾಂಬ ಎಂಬ ಹೆಂಗಸಿದ್ದಳು. ಬಟ್ಟೆ ಹೊಲಿಯುವುದು ಅವಳ ಕಸುಬು. "ಅಷ್ಟು ದೊಡ್ಡ ರಾಯನಿಗೆ ಅಂಗಿಗೆ ಎಷ್ಟು ಬಟ್ಟೆ ಹಿಡೀತಿತ್ತು ತಾತ?" ಎಂದು ಕೇಳಿದಳು.

"ನೂರಿಪ್ಪತ್ತು ಮೊಳ!"

"ಅಯ್ಯೋ, ಅರ್ಧ ಸಾಕು. ಮಿಕ್ಕಿದ್ದರಲ್ಲಿ ನಿಮ್ಮೂರ ದರ್ಜಿ ಹೆಂಡ್ತಿಗೆ ರವಿಕೆ ಹೊಲಿದಿರಬೇಕು."

ಎಲ್ಲರೂ ನಕ್ಕರು. ದೊಡ್ಡೀರಯ್ಯನೂ ನಕ್ಕ. ಸುಳ್ಳು ಸಿಕ್ಕಿಬಿದ್ದರೇನು, ಕೇಳುವ ಕಿವಿ ಸಿಕ್ಕಿತಲ್ಲ ಎಂಬ ಸಮಾಧಾನ ಅವನದು. ಬಸ್ಸು ಹೊರಟಮೇಲೆ ಮರುದಿನದ ಬಸ್ಸಿನವರೆಗೆ ಅವನ ಮಾತಿಗೆ ಹೂಂಗುಟ್ಟುವವರು ಅಲ್ಲಿ ಯಾರೂ ಇರಲಿಲ್ಲ.

ಅವನ ಊರು ಕೆಂಚನಕಟ್ಟೆಯ ಸುತ್ತ ಮೂರು ಗುಡ್ಡಗಳಿವೆ. ಆನೆಗುಡ್ಡದ ಕಡೆ ಮುಖಮಾಡಿ ಕೂಗಿದರೆ ಕೂಗು ಮೂರು ಸಲ ಮರಳುತ್ತದೆ. ಬಸವನಗುಡ್ಡ ಒಂದು ಸಲವಾದರೂ ಮಾರ್ದನಿಸುತ್ತದೆ. ನಡುವಿನ ಈ ಗುಡ್ಡ ಮಾತ್ರ ತುಟಿ ಬಿಚ್ಚುವುದಿಲ್ಲ. ಗಂಟಲು ಹರಿಯುವಂತೆ ಕೂಗಿದರೂ ಬಾವಿಗೆ ಹಾಕಿದ ಹತ್ತಿಯಂತೆ ಸದ್ದಿಲ್ಲದೆ ಮುಳುಗಿಹೋಗುತ್ತದೆ. ಅದರ ನೆತ್ತಿಯ ಮೇಲೆ ಹಾಸುಬಂಡೆ, ಬಂಡೆಯ ನಡುವೆ ಎಂಥ ಬೇಸಗೆಯಲ್ಲೂ ಬತ್ತದ ನೀರಿನ ದೊಣೆ. ಹಿಂದೆ ಇದಕ್ಕೆ ದೊಣೆಗುಡ್ಡವೆಂದೇ ಹೆಸರಿತ್ತಂತೆ. ಹೆಸರು ಬದಲಾದದ್ದು ಜವರನೆಂಬುವನ ಕಾಲದಲ್ಲಿ, ಏಳು ತಲೆಮಾರಿನ ಹಿಂದೆ ಎನ್ನುತ್ತಾರೆ.

ಆ ಕಾಲಕ್ಕೆ ಸುತ್ತ ಹದಿನೆಂಟು ಹಳ್ಳಿಗೂ ಒಬ್ಬನೇ ತಟ್ಟಿರಾಯ. ಬಿದಿರ ತಟ್ಟಿಯ ಮೈ, ಚಿಂದಿಬಟ್ಟೆಗೆ ಹುಣಸೆಬೀಜದ ಅಂಟು ಸವರಿ ಮಾಡಿದ ತಲೆ, ಮೊರದಗಲ ಕಣ್ಣು. ಒಳಗೆ ಒಬ್ಬ ಮನುಷ್ಯ ನಿಂತು, ಅಷ್ಟೂ ಭಾರವನ್ನು ಎರಡು ಹೆಗಲಿಗೆ ಕೊಟ್ಟು, ರಾಯನ ಹೊಟ್ಟೆಯ ಬಳಿಯ ಕಿಂಡಿಯಿಂದ ದಾರಿ ನೋಡುತ್ತ ಕುಣಿಯಬೇಕು. ಆ ಮನುಷ್ಯನೇ ಜವರ. ಕುಳ್ಳ, ಸಿಡುಬಿನ ಕಲೆಯ ಮುಖದವನು, ಹಿಂದುಮುಂದಿಲ್ಲದವನು. ಹೆಣ್ಣು ಕೊಡುವವರಿಲ್ಲ. ರಾಯ ಬಂದರೆ ಮಕ್ಕಳನ್ನು ಎತ್ತಿ ತೋರಿಸುತ್ತಿದ್ದ ಜನ, ರಾಯನನ್ನು ಇಳಿಸಿ ಹೊರಬಂದ ಜವರನನ್ನು "ಸ್ವಲ್ಪ ಆ ಕಡೆ ಸರಿಯಯ್ಯ" ಎಂದು ತಳ್ಳಿ ಮುಂದೆ ಹೋಗುತ್ತಿದ್ದರಂತೆ. ಒಳಹೊಕ್ಕವನಿಗೆ ಒಂದು ಕಟ್ಟು ಇತ್ತು: ರಾಯನೊಳಗೆ ಇರುವಷ್ಟು ಹೊತ್ತೂ ಅವನಿಗೆ ಬಾಯಿಲ್ಲ. ಕೆಮ್ಮಿದರೂ ಸರಿ, ರಾಯನಿಗೆ ಮನುಷ್ಯರ ದನಿ ಬಂತೆಂದರೆ ಅವನ ಜೀವ ಹೋಯಿತೆಂದೇ ಲೆಕ್ಕ. ಅಲ್ಲಿಯೇ ಬೆಂಕಿಗೆ ಹಾಕಬೇಕು, ಹೊತ್ತವನು ಮತ್ತೆಂದೂ ಬಿದಿರು ಮುಟ್ಟಬಾರದು.

ವರ್ಷವೂ ಹೊಸ ಬಣ್ಣ ಬರೆದಮೇಲೆ ಒಂಬತ್ತು ದಿನ ರಾಯನು ಯಾರ ಕಣ್ಣಿಗೂ ಬೀಳಬಾರದೆಂದು, ಜವರ ಅವನನ್ನು ಗುಡ್ಡದ ನೆತ್ತಿಗೆ ಒಯ್ದು ಬಿಸಿಲಿನಲ್ಲಿ ಒಬ್ಬನೇ ಕುಣಿಸಿ ಪಳಗಿಸುತ್ತಿದ್ದ. ಹಾಗೆ ಒಂದು ವರ್ಷ, ಮೊದಲ ದಿನದ ಮಟಮಟ ಮಧ್ಯಾಹ್ನದಲ್ಲಿ, ದೊಣೆಯ ನೀರಿಗೆ ಕಿನ್ನರಿಯೊಬ್ಬಳು ಇಳಿದಳು. ರಾಯನನ್ನು ಕಂಡು ಹೆದರಲಿಲ್ಲ. "ಇಷ್ಟು ದೊಡ್ಡ ಮುಖಕ್ಕೆ ಇಷ್ಟು ಪುಟ್ಟ ಪಾದವೇ!" ಎಂದು ಕಿಲಕಿಲ ನಕ್ಕಳು. ಜವರ ಕುಣಿದ. ಅವಳೂ ಕುಣಿದಳು. ಮರುದಿನ ಬಂದಳು, ಅದರ ಮರುದಿನವೂ ಬಂದಳು. ದಂಡೆಯಲ್ಲಿ ಕೂದಲು ಬಿಡಿಸಿಕೊಳ್ಳುತ್ತ, ಮೋಡದ ಮೇಲೆ ನಡೆದರೆ ಅಂಗಾಲಿಗೆ ಎಷ್ಟು ತಣ್ಣಗಾಗುತ್ತದೆ, ಅಲ್ಲಿ ಎಷ್ಟು ಬೇಸರ, ಎಲ್ಲವನ್ನೂ ಹೇಳಿದಳು. ಜವರನೆದುರು ಕುಳಿತು ಅಷ್ಟು ಹೊತ್ತು ಮಾತಾಡಿದವರು ಹುಟ್ಟಿದಾರಭ್ಯ ಯಾರೂ ಇರಲಿಲ್ಲ. ಕಿಂಡಿಯಿಂದ ನೋಡುತ್ತ, ಹಲ್ಲು ಕಚ್ಚಿ ಸುಮ್ಮನಿದ್ದ.

ಕಥೆ ಇಲ್ಲಿಗೆ ಬಂದಾಗ ದೊಡ್ಡೀರಯ್ಯ ಪ್ರತಿಸಲವೂ ಒಂದು ಗುಟುಕು ನೀರು ಕುಡಿಯುತ್ತಾನೆ. ಅಂದೂ ಕುಡಿದ.

ಒಂಬತ್ತನೆಯ ಮಧ್ಯಾಹ್ನ ಅವಳು ಕುಣಿಯಲಿಲ್ಲ. "ನಾಳೆಯಿಂದ ನಮಗೆ ಈ ನೀರಿನ ಋಣವಿಲ್ಲ. ಒಳಗೆ ಯಾರಾದರೂ ಇದ್ದೀರಾ? ಇದ್ದರೆ ಒಂದು ಸಲ ಓ ಎನ್ನಿ, ನಾನು ಇಲ್ಲೇ ಉಳಿಯುತ್ತೇನೆ" ಎಂದಳು. ಜವರನ ನಾಲಗೆಯ ತುದಿಗೆ ಬಂತು. ಆದರೆ ರಾಯನಿಗೆ ಬೆಂಕಿ ಹಾಕಿದರೆ ತಾನು ಯಾರು? ಅಲ್ಲದೆ, ಇವಳು ಬಂದದ್ದು ಮೊರದಗಲ ಕಣ್ಣಿನ ರಾಯನನ್ನು ನೋಡಲು. ಈ ಕುಳ್ಳನ ದನಿ ಕೇಳಿ ಉಳಿದಾಳೆಯೇ? ತುಟಿ ಕಚ್ಚಿದ, ರಕ್ತ ಬಂತು. ಕಾಲ ಬುಡದಲ್ಲಿದ್ದ ರಾಯನ ನೆರಳು ಉದ್ದಕ್ಕೆ ಚಾಚಿ ಅವಳ ಪಾದ ಮುಟ್ಟುವವರೆಗೂ ಅವಳು ಕಾದಳು. ಆಮೇಲೆ ಎದ್ದು, "ಬಿದಿರು ಬೆವರುವುದನ್ನು ನಾನೆಲ್ಲೂ ಕಂಡಿರಲಿಲ್ಲ. ಒಂಬತ್ತು ದಿನವೂ ಬಂದದ್ದು ಆ ಬೆವರಿನವನಿಗಾಗಿ" ಎಂದು ಹೇಳಿ ಗಾಳಿಗೆ ಮೈಕೊಟ್ಟಳು. ಜವರ ರಾಯನನ್ನು ಕೆಡವಿ ಹೊರಗೆ ಬಂದು ಬಂಡೆಯ ಅಂಚಿಗೆ ಓಡಿ "ಓ... ಇದ್ದೀನಿ!" ಎಂದು ಕೂಗಿದ. ಅವಳು ಆಗಲೇ ಹದ್ದಿಗಿಂತ ಚಿಕ್ಕದಾಗಿ ಕಾಣುತ್ತಿದ್ದಳು. ಆ ಕೂಗು ಅವಳ ಬೆನ್ನುಹತ್ತಿ ಹೋಯಿತು, ಇನ್ನೂ ಮರಳಿಲ್ಲ. ಅದು ಮರಳುವ ತನಕ ಬೇರೆ ಯಾರ ಕೂಗನ್ನೂ ಹಿಂದಿರುಗಿಸುವುದಿಲ್ಲವೆಂದು ಗುಡ್ಡ ಹಟ ಹಿಡಿದಿದೆ ಎನ್ನುತ್ತಾರೆ. ಜವರ ಸಂಜೆ ರಾಯನನ್ನು ಹೊತ್ತು ಇಳಿದ, ಎಂದಿನಂತೆ ಕುಣಿದ, ಸಾಯುವವರೆಗೂ ಈ ಸಂಗತಿಯನ್ನು ಯಾರ ಬಳಿಯೂ ಎತ್ತಲಿಲ್ಲ.

ಇಂದಿಗೂ ಹೋದವರಿಗೆ ದೊಣೆಯ ದಂಡೆಯಲ್ಲಿ ಕೆಂಪು ಗೆರೆಯೊಂದು ಕಾಣುತ್ತದೆ. ರಾಯನು ಬಿದ್ದಾಗ ಕೆನ್ನೆಯ ಬಣ್ಣ ಬಂಡೆಗೆ ಹತ್ತಿದ್ದಂತೆ. ಗುಂಪಿನವರು ಗುಡ್ಡದ ಕಡೆ ತಿರುಗಿ ಒಬ್ಬೊಬ್ಬರೂ ಕೂಗಿ ನೋಡಿದರು. ಗುಡ್ಡ ಸುಮ್ಮನಿತ್ತು. ಬಸ್ಸಿನವನು ಹಾರನ್ ಒತ್ತಿದ, ಅದಕ್ಕೂ ಸುಮ್ಮನಿತ್ತು. ಎಲ್ಲರೂ ಬಸ್ಸು ಹತ್ತಿದರೂ ಗಿರಿಜಾಂಬ ನಿಂತೇ ಇದ್ದಳು.

"ತಾತ, ಇನ್ನೊಂದು ಅಳತೆ ತಪ್ತು."

"ಮತ್ತೆ ಅಂಗಿದಾ?"

"ಅಲ್ಲ. ಗುಡ್ಡದ ಮೇಲೆ ಇದ್ದವರು ಇಬ್ಬರೇ. ಅವಳು ಹೋದವಳು ತಿರುಗಿ ಬರಲಿಲ್ಲ. ಅವನು ಸಾಯೋ ತನಕ ಬಾಯಿ ಬಿಡಲಿಲ್ಲ. ಹಾಗಿದ್ದ ಮೇಲೆ ಬೆವರಿನ ಮಾತು ನಿಮಗೆ ಹೇಳಿದವರು ಯಾರು?"

ದೊಡ್ಡೀರಯ್ಯ ಗುಡ್ಡದ ನೆತ್ತಿಯತ್ತ ನೋಡಿದ. ಮೀಸೆಗೆ ಹೋಗಿದ್ದ ಕೈ ಕೆಳಗಿಳಿಯಿತು. ರಾಯನ ಭಾರವನ್ನು ಸರಿಯಾಗಿ ಕೂರಿಸಿಕೊಳ್ಳುವವನಂತೆ ಎರಡೂ ಹೆಗಲನ್ನು ಒಮ್ಮೆ ಮೇಲಕ್ಕೆತ್ತಿ, ಇಳಿಸಿದ.