ಕೂಗನ್ನು ಗುತ್ತಿಗೆಗೆ ಕೊಟ್ಟ ಕಾಡುಕೋಣ

ಮತ್ತಿಮಡು ಅಂತ ಒಂದು ಕಾಡು, ಮಕ್ಕಳೇ. ನಡುವೆ ಕೊಳ, ಕೊಳದ ದಂಡೆಗೆ ದೊಡ್ಡದೊಂದು ಮತ್ತಿ ಮರ. ಮರದ ತುದಿಯಲ್ಲಿ ಕಾಳಜ್ಜಿ ಅನ್ನೋ ಮುದಿ ಮುಸುವ ಕೋತಿ ತನ್ನ ಮಕ್ಕಳು ಮೊಮ್ಮಕ್ಕಳ ಜೊತೆ ಇದ್ದಳು. ಯಾವ ನವಿಲು ಯಾವಳ ಮುಂದೆ ಕುಣಿದ, ಯಾವ ಹಂದಿ ಯಾರ ಗೆಡ್ಡೆ ಕದ್ದ, ಎಲ್ಲ ಮೊದಲು ಕಾಣುತ್ತಿದ್ದುದು ಅವಳಿಗೇ.

ಚಿರತೆ ಬಂದರೂ ಅಷ್ಟೇ. ಕಂಡಕೂಡಲೇ "ಖರ್ರ್! ಖರ್ರ್!" ಎಂದು ಕೂಗುತ್ತಿದ್ದಳು. ಅದನ್ನು ಕೇಳಿ ಟಿಟ್ಟಿಭ ಹಕ್ಕಿ ಕೂಗುತ್ತಿತ್ತು, ನವಿಲು ಕೂಗುತ್ತಿತ್ತು, ಕೆಳಗಿದ್ದ ಜಿಂಕೆಗಳು ಓಡುತ್ತಿದ್ದವು. ಗುಟ್ಟು ಬಯಲಾದ ಮೇಲೆ ಚಿರತೆಗೆ ಅಲ್ಲೇನು ಕೆಲಸ? ಮುಖ ಸಿಂಡರಿಸಿಕೊಂಡು ಹೋಗುತ್ತಿತ್ತು. ಅಜ್ಜಿಯ ಕಣ್ಣಿಗೆ ಬೀಳದಿದ್ದರೆ ಜಿಂಕೆಗಳು ಮೂಗಿನಲ್ಲಿ ವಾಸನೆ ಹಿಡಿದು, ನೆಲಕ್ಕೆ ಕಾಲು ಬಡಿದು ಹೇಳುತ್ತಿದ್ದವು. ಕಂಡವರು ಕೂಗಬೇಕು, ಕೇಳಿದವರು ಮುಂದಕ್ಕೆ ದಾಟಿಸಬೇಕು. ಕಾಡಿನ ನಡೆ ಅದು.

ಆ ಕಾಡಿನ ಯಜಮಾನ ಒಬ್ಬ ಕಾಡುಕೋಣ. ಎಲ್ಲರೂ ದೊಡ್ಡಯ್ಯ ಅನ್ನುತ್ತಿದ್ದರು. ಮೈ ದೊಡ್ಡದು, ನಿದ್ದೆ ಅದಕ್ಕಿಂತ ದೊಡ್ಡದು. ಮಧ್ಯಾಹ್ನ ಕಣ್ಣು ಮುಚ್ಚುವುದರೊಳಗೆ ಯಾರಾದರೂ ಕೂಗುತ್ತಿದ್ದರು. ಅದೊಂದೇ ಅವನ ಸಂಕಟ.

ಆಗ ಬಂದ ನೋಡಿ, ಸುಗಂಧರಾಯ ಅನ್ನೋ ಪುನುಗುಬೆಕ್ಕು. ಮೈಯೆಲ್ಲ ಘಮಘಮ. ಹಿಂದಿನ ಕಾಡಿನಲ್ಲಿ ಏನು ಮಾಡಿ ಓಡಿಬಂದಿದ್ದ ಅನ್ನೋದು ಬಿಡಿ, ಮಕ್ಕಳ ಮುಂದೆ ಹೇಳುವಂಥದ್ದಲ್ಲ.

"ದೊಡ್ಡಯ್ಯಾ, ಈ ಕಿರುಚಾಟ ಹಳೇ ಕಾಲದ್ದು. ಎಚ್ಚರಿಸುವ ಗುತ್ತಿಗೆ ನನಗೆ ಕೊಡಿ. ದಿನಾ ಹಣ್ಣು ತಂದುಕೊಟ್ಟವರ ಕಿವಿಯಲ್ಲಿ ಮೆಲ್ಲಗೆ ಹೇಳ್ತೀನಿ. ಕಾಡು ತಣ್ಣಗಿರುತ್ತೆ, ನಿಮಗೆ ಒಳ್ಳೇ ನಿದ್ದೆ."

"ಹಣ್ಣು ತರದವರು?"

"ತರೋದು ಕಲೀತಾರೆ."

ದೊಡ್ಡಯ್ಯ ಆಕಳಿಸಿ ತಲೆಯಾಡಿಸಿದ. ಅಂದಿನಿಂದ ಹೊಸ ಕಟ್ಟಳೆ ಬಂತು. ಬಿಟ್ಟಿ ಕೂಗಿದವರು ತಮ್ಮ ಮರ ಬಿಟ್ಟು ಹೋಗಬೇಕು!

ಹಂದಿ ಹಣ್ಣು ಕೊಟ್ಟ, ಮೊಲಗಳು ಕೊಟ್ಟವು. ಮಲ್ಲಿ ಅನ್ನೋ ಜಿಂಕೆಗೆ ಆಗಲಿಲ್ಲ. ಅವಳ ಮರಿ ಕಾಲು ಉಳುಕಿಸಿಕೊಂಡು ಪೊದೆಯಲ್ಲಿ ಮಲಗಿತ್ತು. ಅದನ್ನು ಬಿಟ್ಟು ಹಣ್ಣು ಹುಡುಕಲು ಹೇಗೆ ಹೋಗುತ್ತಾಳೆ?

"ಅಣ್ಣಾ, ಮರಿಗೆ ಓಡೋಕಾಗಲ್ಲ. ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗಬೇಕು," ಎಂದಳು.

"ಹಾಗಾದರೆ ಎಲ್ಲರಿಗಿಂತ ಹೆಚ್ಚು ಹಣ್ಣು ತಾರಮ್ಮ," ಎಂದ ಸುಗಂಧರಾಯ.

ಮೇಲಿದ್ದ ಕಾಳಜ್ಜಿ ಬೈಯಲು ಬಾಯಿ ತೆರೆದಳು. "ಸುಮ್ಮನಿರಿ ಅತ್ತೆ, ಮರ ಹೋದರೆ ಈ ಮಕ್ಕಳನ್ನೆಲ್ಲ ಎಲ್ಲಿಗೆ ಕಟ್ಟಿಕೊಂಡು ಹೋಗೋದು?" ಎಂದು ಸೊಸೆ ಅವಳ ಬಾಲ ಹಿಡಿದು ಎಳೆದಳು. ಅಜ್ಜಿ ಸುಮ್ಮನಾದಳು. ಆದರೆ ಕಣ್ಣು ಸುಮ್ಮನಿರುತ್ತದೆಯೇ? ಸುಗಂಧರಾಯನ ಬಿಲದ ಬಾಗಿಲಲ್ಲಿ ಹಸಿ ಎಲುಬು ಬಿದ್ದಿತ್ತು.

"ಹಣ್ಣು ತಿನ್ನೋನ ಬಾಗಿಲಲ್ಲಿ ಎಲುಬು ಯಾಕೇ? ಅವನಿಗೆ ತಂದುಕೊಟ್ಟವರು ಯಾರೇ?" ಎಂದು ಸೊಸೆಯನ್ನು ತಿವಿದಳು.

ಉತ್ತರ ಮರುದಿನ ಮಧ್ಯಾಹ್ನವೇ ಕಂಡಿತು. ಲಂಟಾನ ಪೊದೆಯ ಮರೆಯಲ್ಲಿ ಸುಗಂಧರಾಯನೂ ಚಿರತೆಯೂ ಮೂಗಿಗೆ ಮೂಗು ಕೊಟ್ಟು ನಿಂತಿದ್ದರು. ಸುಗಂಧರಾಯ ಬಾಲವೆತ್ತಿ ಮಲ್ಲಿಯ ಪೊದೆಯ ಕಡೆ ತೋರಿಸಿದ. ಚಿರತೆ ಹೊಟ್ಟೆ ನೆಲಕ್ಕೊತ್ತಿ ಅತ್ತ ಹೊರಟಿತು.

"ಮರ ಹೋದರೆ ಇನ್ನೊಂದು ಮರ ಹುಡುಕೋಣ. ಮಲ್ಲಿ ಇನ್ನೊಂದು ಮರಿಯನ್ನು ಎಲ್ಲಿಂದ ತರ್ತಾಳೆ?" ಎಂದವಳೇ ಅಜ್ಜಿ ಕೊಂಬೆ ಅಲುಗುವ ಹಾಗೆ ಕೂಗಿದಳು. "ಖರ್ರ್! ಖರ್ರ್!"

ಕಾಡೆಲ್ಲ ಬೆಚ್ಚಿ ಕತ್ತೆತ್ತಿತು. ಆಮೇಲೆ ಟಿಟ್ಟಿಭ ಬಾಯಿಬಿಟ್ಟಿತು. ನವಿಲು ಬಾಯಿಬಿಟ್ಟಿತು. ಚಿರತೆ ಬಂದ ದಾರಿಯಲ್ಲೇ ಹಿಂದಿರುಗಿತು.

ದೊಡ್ಡಯ್ಯ ಧೂಳೆಬ್ಬಿಸುತ್ತ ಬಂದ. "ಇಳಿಯೇ ಮುದುಕಿ! ಮರ ಬಿಡು!"

"ಬಿಡಲ್ಲ ಕಣೋ. ನೀನು ಕರುವಾಗಿದ್ದಾಗ ನಿನಗೋಸ್ಕರವೂ ಕೂಗಿದ್ದೆ. ಆಗ ನಿಮ್ಮಮ್ಮ ನನಗೆ ಯಾವ ಹಣ್ಣು ತಂದಿದ್ದಳು? ಚಿರತೆಗೆ ಮಲ್ಲಿಯ ಪೊದೆ ತೋರಿಸಿದವನು ಈ ಪರಿಮಳದವನೇ. ಇವನ ಬಾಗಿಲಲ್ಲಿ ಎಲುಬು ಯಾಕಿದೆ, ಅದನ್ನು ಕೇಳು!"

"ಮುದುಕಿಗೆ ಚಾಡಿಯೇ ಊಟ," ಎಂದು ದೊಡ್ಡಯ್ಯನ ಹಿಂದೆಯೇ ಬಂದಿದ್ದ ಸುಗಂಧರಾಯ ಮೀಸೆ ನೆಕ್ಕಿಕೊಂಡ.

ಅಷ್ಟರಲ್ಲಿ ಮಲ್ಲಿ ಕುಂಟುವ ಮರಿಯನ್ನು ಕರೆತಂದು ಮರದ ಬುಡದಲ್ಲಿ ಕೂತಳು. "ಅಜ್ಜಿಯನ್ನು ಓಡಿಸೋದಾದರೆ ನಮ್ಮನ್ನೂ ಓಡಿಸಿ." ಮೊಲಗಳು ಬಂದು ಕೂತವು. ಹಂದಿಯೂ ಬಂದ.

"ನೀನು ಹಣ್ಣು ಕೊಟ್ಟವನಲ್ಲವೇನೋ?" ಎಂದ ದೊಡ್ಡಯ್ಯ.

"ಕೊಟ್ಟೆ. ಆದರೆ ಚಿರತೆ ಪಕ್ಕದ ಮನೆಗೆ ಹೋಗ್ತಿದೆ ಅಂತ ಗೊತ್ತಿದ್ದೂ ಮಲಗೋಕೆ ಆಗ್ತಿಲ್ಲ," ಎಂದ ಹಂದಿ.

"ಹಸಿವಾದರೆ ತಾವೇ ಎದ್ದು ಹೋಗ್ತಾರೆ ಬಿಡಿ," ಎಂದ ಸುಗಂಧರಾಯ. ಯಾರೂ ಹೋಗಲಿಲ್ಲ. ಮುಸುವಗಳು ಮೇಲಿಂದ ಸೊಪ್ಪು ಉದುರಿಸಿದವು, ಕೆಳಗಿನವರು ತಿಂದರು. ಸರದಿಯ ಮೇಲೆ ನೀರಿಗೆ ಹೋಗಿಬಂದರು. ಸರದಿಯ ಮೇಲೆ ಕೂಗಿದರು. ಬೆಳಗಾದರೂ ಕೂತೇ ಇದ್ದರು. ದೊಡ್ಡಯ್ಯನಿಗೆ ಇದ್ದ ನಿದ್ದೆಯೂ ಹೋಯಿತು.

ಬಿಸಿಲೇರಿದಾಗ ಮಲ್ಲಿಯ ಮೂಗು ಅರಳಿತು. ಕೊಳದಾಚೆ ಜೊಂಡಿನ ಪಕ್ಕ ದೊಡ್ಡಯ್ಯನ ಕರು ಒಂದೇ ಮೇಯುತ್ತಿತ್ತು. ಜೊಂಡಿನೊಳಗಿನದು ಅಜ್ಜಿಗೂ ಕಾಣುತ್ತಿರಲಿಲ್ಲ. ಮಲ್ಲಿ ಯಾರ ಕರು ಎಂದು ನೋಡಲಿಲ್ಲ. ದಡದಡ ಕಾಲು ಬಡಿದಳು. ಕೂತವರೆಲ್ಲ ಒಂದೇ ಸಲ ಕೂಗಿದರು. ಕರು ಓಡಿಬಂತು. ಹಿಂದೆ ಜೊಂಡಿನಿಂದ ಚಿರತೆ ಹಾರಿ, ಬರಿಗೈಯಲ್ಲಿ ಪರಾರಿಯಾಯಿತು.

ದೊಡ್ಡಯ್ಯ ಪುನುಗುಬೆಕ್ಕಿನ ಕಡೆ ತಿರುಗಿದ. "ಸುಗಂಧರಾಯಾ, ನಿನಗೆ ಗೊತ್ತಿರಲಿಲ್ಲವೇನೋ?"

"ಗೊತ್ತಿತ್ತು ದೊಡ್ಡಯ್ಯ. ಆದರೆ ನಿಮ್ಮ ಮನೆಯಿಂದ ಹಣ್ಣು ಬಂದಿರಲಿಲ್ಲವಲ್ಲ!"

ದೊಡ್ಡಯ್ಯನ ಕೊಂಬು ಕೆಳಗಿಳಿದದ್ದೇ ತಡ, ಪರಿಮಳ ಕಾಡು ಬಿಟ್ಟು ಓಡಿತು.

"ಆಯಿತು, ಕಟ್ಟಳೆ ರದ್ದು. ಎಲ್ಲರೂ ಕೂಗೋಕೆ ಅಪ್ಪಣೆ ಕೊಟ್ಟಿದ್ದೀನಿ. ಏಳಿ," ಎಂದ ದೊಡ್ಡಯ್ಯ.

ಒಬ್ಬರೂ ಏಳಲಿಲ್ಲ.

"ಇನ್ನೇನು ಬೇಕು?"

"ನಿನ್ನ ಅಪ್ಪಣೆ ಬೇಡಪ್ಪ," ಎಂದಳು ಕಾಳಜ್ಜಿ. "ನಾಳೆ ಇನ್ನೊಬ್ಬ ಘಮಘಮ ಅಂತ ಬರ್ತಾನೆ, ನೀನು ಮತ್ತೆ ಆಕಳಿಸ್ತೀಯ. ಗುತ್ತಿಗೆಗೆ ಕೊಡೋಕೆ ಈ ಕೂಗು ನಿನ್ನದಾಗಿರಲಿಲ್ಲ ಅಂತ ಎಲ್ಲರ ಮುಂದೆ ಹೇಳು. ಆಮೇಲೆ ಏಳ್ತೀವಿ."

ದೊಡ್ಡಯ್ಯ ಕರುವಿನ ಕಡೆ ನೋಡಿದ. ಅದು ಮಲ್ಲಿಯ ಮಗ್ಗುಲಿಗೆ ಒತ್ತಿಕೊಂಡು ನಿಂತಿತ್ತು.

"ನನ್ನದಾಗಿರಲಿಲ್ಲ," ಎಂದ. ಆಗ ಎದ್ದರು.

ಮರುದಿನ ಅವನು ಕಣ್ಣು ಮುಚ್ಚಿದ್ದನಷ್ಟೆ, ಮರದ ಮೇಲಿಂದ "ಖರ್ರ್!" ಎಂದಿತು. ದೊಡ್ಡಯ್ಯ ಎದ್ದು, ಕತ್ತೆತ್ತಿ, ಗುಡ್ಡದಾಚೆಯವರಿಗೂ ಕೇಳುವ ಹಾಗೆ ತಾನೂ ಕೂಗಿದ.

ನೀತಿ: ಎಲ್ಲರಿಗೂ ಸೇರಿದ್ದನ್ನು ಒಬ್ಬನ ಕೈಗೆ ಕೊಡುವ ಹಕ್ಕು ಯಜಮಾನನಿಗೂ ಇಲ್ಲ, ಕೊಟ್ಟರೆ ಎಲ್ಲರೂ ಜೊತೆಗೆ ಕೂತು ಅದನ್ನು ಮರಳಿ ಪಡೆಯಬೇಕು.